ಕುಕ್ಕರ್ ಎಷ್ಟು ಸಲ ಕೂಗಿತು?

ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಐದು ಮೊಬೈಲು. ಅಮ್ಮನದೊಂದು, ಹೆಂಡತಿಯದೊಂದು, ಮಗಳದೊಂದು, ನನ್ನದೊಂದು. ಐದನೆಯದು ಯಾರದೆಂದು ಇನ್ನೂ ಇತ್ಯರ್ಥವಾಗಿಲ್ಲ. ಫ್ರಿಜ್ಜಿನ ಮೇಲೆ ಕೂತು ಆಗೊಮ್ಮೆ ಈಗೊಮ್ಮೆ ಸಾಲ ಬೇಕೇ ಎಂದು ಕೇಳುತ್ತಿರುತ್ತದೆ. ಒಬ್ಬರ ನಂಬರು ಇನ್ನೊಬ್ಬರಿಗೆ ಬಾಯಿಗೆ ಬರುವುದಿಲ್ಲ. ಮಗಳನ್ನು ಯಾರಾದರೂ "ನಿಮ್ಮಪ್ಪನ ನಂಬರ್ ಹೇಳಮ್ಮ" ಎಂದರೆ ಅವಳು ಫೋನಿಗೆ ಕೈ ಹಾಕುತ್ತಾಳೆ. "ನೋಡದೆ ಹೇಳು" ಎಂದರೆ, "ನೋಡದೆ ಹೇಗೆ? ಅದು ‘ಅಪ್ಪ’ ಅಂತ ಇರುತ್ತೆ" ಎನ್ನುತ್ತಾಳೆ. ಅವಳ ಮಟ್ಟಿಗೆ ನನಗೆ ನಂಬರೇ ಇಲ್ಲ.

ಹೀಗೆ ನಂಬರು ನೆನಪಿರದಿರುವುದಕ್ಕೆ ಶಾಸ್ತ್ರದ ಆಧಾರವೂ ಸ್ವಲ್ಪ ಇದೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಮನುಷ್ಯ ಒಂದೇಟಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಸುಮಾರು ಏಳು, ಒಬ್ಬೊಬ್ಬರಿಗೆ ಎರಡು ಹೆಚ್ಚು, ಒಬ್ಬೊಬ್ಬರಿಗೆ ಎರಡು ಕಡಿಮೆ ಎಂದು ಬರೆದ. ಮೊಬೈಲ್ ನಂಬರಿಗೆ ಹತ್ತು ಅಂಕಿ. ಆರಂಕಿಯ ಒಟಿಪಿಯಾದರೆ ಬಚ್ಚಲಿನಿಂದ ಗೇಟಿನವರೆಗೆ ಹಾಗೂ ಹೀಗೂ ತಲೆಯಲ್ಲಿ ನಿಲ್ಲುತ್ತದೆ. ಬಚ್ಚಲಿನಿಂದ ಎಂದು ಏಕೆ ಹೇಳಿದೆನೆಂದರೆ, ನಮ್ಮಲ್ಲಿ ಸಾಮಾನು ತರಿಸುವವಳು ಮಗಳು, ಖಾತೆ ಅವಳಮ್ಮನದು, ಒಟಿಪಿ ಬರುವುದು ನನಗೆ, ಡೆಲಿವರಿ ಹುಡುಗ ಬರುವುದು ನಾನು ಸ್ನಾನಕ್ಕೆ ಹೋದಾಗ. ಒಬ್ಬರು ಫೋನು ನೋಡಿ ಕೂಗುತ್ತಾರೆ, ಇನ್ನೊಬ್ಬರು ನಡುಮನೆಯಲ್ಲಿ ನಿಂತು ಅದನ್ನೇ ಮತ್ತೆ ಕೂಗುತ್ತಾರೆ, ಮೂರನೆಯವರು ಗೇಟಿನ ಬಳಿ ಒಪ್ಪಿಸುತ್ತಾರೆ. ಯಾರಿಗೂ ಹೇಳಬೇಡಿ ಎಂದು ಆ ಮೆಸೇಜಿನಲ್ಲೇ ಬರೆದಿರುತ್ತದೆ. ನಮ್ಮ ಬೀದಿಯಲ್ಲಿ ಅದು ಎದುರು ಸಾಲಿನವರಿಗೂ ಸ್ಪಷ್ಟವಾಗಿ ಕೇಳಿಸುತ್ತದೆ.

ಫೋನು ನಮ್ಮ ನಾಡಿಗೆ ಹೊರಗಿನಿಂದ ಬಂದ ನೆಂಟನೇನೂ ಅಲ್ಲ. ಬೆಂಗಳೂರಿನಲ್ಲಿ ಫೋನು ತಯಾರಿಸುವ ಐಟಿಐ ಕಾರ್ಖಾನೆ ಶುರುವಾದದ್ದು 1948ರಲ್ಲಿ. ಅದರಿಂದಾಗಿ ಒಂದು ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ಬಂತು. ಹಳ್ಳಿಗಳಿಗೆಂದು ಸಿ-ಡಾಟ್ ಸಂಸ್ಥೆ ಎಸಿ ಇಲ್ಲದೆ ಬಿಸಿಲು ಧೂಳು ತಾಳಿಕೊಂಡು ಕೆಲಸ ಮಾಡುವ ಪುಟ್ಟ ಎಕ್ಸ್‌ಚೇಂಜ್ ಒಂದನ್ನು ತಯಾರಿಸಿತಲ್ಲ, ಅದು ಮೊದಲು ಬಂದು ಕೂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಆದರೆ ಕಾರ್ಖಾನೆ ಊರಲ್ಲಿದ್ದ ಮಾತ್ರಕ್ಕೆ ಫೋನು ಮನೆಗೆ ಬರುತ್ತದೆಯೇ? ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಮಗುವಿನ ನಾಮಕರಣದ ಹೊತ್ತಿಗೆ ಅರ್ಜಿ ಹಾಕಿದವರ ಮನೆಗೆ ಆ ಮಗು ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ತಿಳಿಸುವುದಕ್ಕೆ ಸರಿಯಾಗಿ ಫೋನು ಬಂದದ್ದುಂಟು.

ಹಾಗಾಗಿ ಪಿ.ಪಿ. ನಂಬರು. ಐವತ್ತು ದಾಟಿದವರಿಗೆ ವಿವರಿಸಬೇಕಾಗಿಲ್ಲ. ಲಗ್ನಪತ್ರಿಕೆಯಲ್ಲಿ, ಅಂಗಡಿಯ ಬಿಲ್ಲಿನಲ್ಲಿ, ಕೆಲಸದ ಅರ್ಜಿಯಲ್ಲಿ ಪಕ್ಕದ ಮನೆಯವರ ನಂಬರು ಬರೆದು ಮುಂದೆ ಪಿ.ಪಿ. ಎಂದು ಹಾಕುತ್ತಿದ್ದೆವು. ನಾವು ಹಾಸನದಲ್ಲಿದ್ದಾಗ ನಮ್ಮ ಸಾಲಿಗೆಲ್ಲ ಒಂದೇ ಫೋನು, ಅದು ಮೂಲೆಮನೆ ಮಾಮಿಯವರದು. ಕಪ್ಪು ಬಣ್ಣದ, ಎತ್ತಿದರೆ ಕೈ ನೋಯುವಷ್ಟು ಭಾರದ ಫೋನು, ಅದಕ್ಕೊಂದು ಕಸೂತಿ ಹಾಕಿದ ಬಟ್ಟೆಯ ಹೊದಿಕೆ. "ಬೆಂಗಳೂರಿಂದ ಫೋನು!" ಎಂದು ಅವರ ಮನೆ ಹುಡುಗ ಓಡಿ ಬಂದರೆ ಅಮ್ಮ ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು, ದಾರಿಯುದ್ದಕ್ಕೂ ಯಾರಿಗೆ ಏನಾಯಿತೋ ಎಂದು ಎಲ್ಲ ದೇವರಿಗೂ ಒಂದೊಂದು ತೆಂಗಿನಕಾಯಿ ಹೇಳಿಕೊಂಡು ಹೋಗುತ್ತಿದ್ದಳು. ಮಾತು ಮುಗಿದ ಮೇಲೆ ಸುಮ್ಮನೆ ಎದ್ದು ಬರುವ ಹಾಗಿಲ್ಲ. ಏನು ಸುದ್ದಿ ಎಂದು ಮಾಮಿಗೆ ಹೇಳಿಯೇ ಬರಬೇಕು. ಅದು ಫೋನಿನ ಬಾಡಿಗೆ. ಹೀಗೆ ಆ ಸಾಲಿನ ಎಲ್ಲ ಮನೆಗಳ ಹೆರಿಗೆ, ಟ್ರಾನ್ಸ್‌ಫರ್, ಕೈತಪ್ಪಿದ ಸಂಬಂಧ, ಮೊಕದ್ದಮೆಯ ಮುಂದಿನ ತಾರೀಖು ಎಲ್ಲವೂ ಮಾಮಿಯ ತಲೆಯಲ್ಲಿ ಜಮೆಯಾಗುತ್ತಿತ್ತು. ನಮ್ಮ ಚಿಕ್ಕಪ್ಪ ತನ್ನ ನಾದಿನಿಯ ಮದುವೆಯ ಮುಹೂರ್ತ ಮರೆತುಹೋದಾಗ ಮಾಮಿಯನ್ನೇ ಕೇಳಿ ತಿಳಿದುಕೊಂಡ.

ಇದನ್ನೆಲ್ಲ ಆಹಾ ಎಂಥ ಕಾಲ ಎಂದು ಕಣ್ಣರಳಿಸಿ ಹೇಳುವವನು ನಾನಲ್ಲ. ಆ ಫೋನಿನಲ್ಲಿ ಹೆಣ್ಣುಮಗಳೊಬ್ಬಳು ತವರಿಗೆ ಕಷ್ಟ ಹೇಳಿಕೊಳ್ಳುವ ಹಾಗಿರಲಿಲ್ಲ, ಮಾಮಿಯ ಹಜಾರದಲ್ಲಿ ಅಷ್ಟು ಕಿವಿಗಳಿರುತ್ತಿದ್ದವು. ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದಾಗ, ರಾತ್ರಿ ಹನ್ನೊಂದರ ನಂತರದ ಕಾಲುಭಾಗ ದರಕ್ಕಾಗಿ ನಿದ್ದೆಗೆಟ್ಟು ಸಾಲಿನಲ್ಲಿ ನಿಂತವರಲ್ಲಿ ಬಹಳ ಮಂದಿ ದುಡ್ಡು ಉಳಿಸುವುದಕ್ಕಿಂತ ಆ ಗಾಜಿನ ಬಾಗಿಲಿನ ಗುಟ್ಟಿಗಾಗಿಯೇ ಬಂದಿದ್ದರೆಂದು ನನ್ನ ಗುಮಾನಿ.

ಕೊನೆಗೆ ನಮ್ಮ ಮನೆಗೂ ಫೋನು ಬಂದಾಗ ನಂಬರುಗಳನ್ನು ಬೆರಳು ನೆನಪಿಟ್ಟುಕೊಂಡಿತು. ಡಯಲ್ ತಿರುಗಿಸುವ ಫೋನಿನಲ್ಲಿ ಒಂದು ಎಂದರೆ ಚಿಟಿಕೆ ಹೊಡೆಯುವಷ್ಟು ಹೊತ್ತು, ಸೊನ್ನೆ ಎಂದರೆ ಪೂರಾ ಪ್ರದಕ್ಷಿಣೆ. ಸೊನ್ನೆ, ಒಂಬತ್ತು ಜಾಸ್ತಿ ಇದ್ದ ನೆಂಟರಿಗೆ ಫೋನ್ ಮಾಡಲು ಅಪ್ಪನಿಗೆ ಬೇಸರ. ಎರಡು, ಮೂರು, ಒಂದು ಇದ್ದವರೊಡನೆ ನಮ್ಮ ಬಾಂಧವ್ಯ ಚೆನ್ನಾಗಿತ್ತು.

ಅಂಕಿಗಳಲ್ಲದ ಮಿಕ್ಕ ನೆನಪುಗಳಿಗೆ ಗೋಡೆ ಇತ್ತು. ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ, ದೋಬಿಗೆ ಕೊಟ್ಟ ಬಟ್ಟೆ. ಏಕಾದಶಿ, ಸಂಕಷ್ಟಿಯನ್ನು ಅಚ್ಚು ಹಾಕಿದವರೇ ಗುರುತು ಮಾಡಿರುತ್ತಿದ್ದರು. ವರ್ಷ ಮುಗಿದರೂ ಅಮ್ಮ ಕ್ಯಾಲೆಂಡರ್ ಬಿಸಾಡುತ್ತಿರಲಿಲ್ಲ, ಹೊಸದನ್ನು ಅದರ ಮೇಲೇ ನೇತುಹಾಕುತ್ತಿದ್ದಳು. ಹಾಲಿನವನು ತಕರಾರು ತೆಗೆದರೆ ಹಾಳೆ ಮಗುಚಿ ಹಿಂದಿನ ಯುಗಾದಿಯ ತನಕ ಹೋಗಿ ಸಾಕ್ಷ್ಯ ತರುತ್ತಿದ್ದಳು. ಈಗ ಹಾಲು ಆ್ಯಪಿನಲ್ಲಿ ಬರುತ್ತದೆ, ಲೆಕ್ಕವೂ ಅದರದೇ. ತಕರಾರಿದ್ದರೆ ‘ನಿಮ್ಮ ದೂರು ನಮಗೆ ಮುಖ್ಯ’ ಎನ್ನುತ್ತದೆ. ಜಗಳದ ರುಚಿಯೇ ಹೋಯಿತು ಎಂದು ಅಮ್ಮನ ಕೊರಗು.

ಫೋನಿನ ಹೆಸರುಪಟ್ಟಿಯಲ್ಲಿ ಮಾತ್ರ ಹಳೆಯ ಗೋಡೆಯ ಗುಣ ಕೊಂಚ ಉಳಿದಿದೆ. ನನ್ನ ಹೆಂಡತಿಯ ಫೋನಿನಲ್ಲಿ ‘ಪ್ಲಂಬರ್’, ‘ಪ್ಲಂಬರ್ ಹೊಸ’, ‘ಪ್ಲಂಬರ್ ಬೇಡ’ ಎಂದು ಮೂವರಿದ್ದಾರೆ. ತುರ್ತಿನಲ್ಲಿ ಸಿಗುವವನು ಮೂರನೆಯವನೇ. ‘ಮದುವೆ ಮನೆ ಆಂಟಿ’ ಎಂದೊಬ್ಬರು ಇದ್ದಾರೆ. ಯಾವ ಮದುವೆ, ಯಾರ ಕಡೆಯವರು ಎಂಬುದು ತಿಳಿಯದು. ಆದರೆ ತಪ್ಪದೆ ಪ್ರತಿ ಹಬ್ಬಕ್ಕೂ ಶುಭಾಶಯ ಕಳಿಸುತ್ತಾರೆ, ಇವಳೂ ಉತ್ತರಿಸುತ್ತಾಳೆ. ಈಗ ಕೇಳುವುದು ಚೆನ್ನಾಗಿರುವುದಿಲ್ಲವಂತೆ.

ಅಡುಗೆಮನೆಗೆ ಬರುತ್ತೇನೆ. ಪ್ರೆಷರ್ ಕುಕ್ಕರ್ ಒಳಗೆ ಒತ್ತಡ ಏರಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಬೇಳೆ ಬೇಗ ಬೇಯುತ್ತದೆ ಎನ್ನುತ್ತದೆ ವಿಜ್ಞಾನ. ಆ ವಸ್ತು ನಮ್ಮ ಸಂಸಾರಗಳಿಗೆ ತಂದಿಟ್ಟ ದೊಡ್ಡ ಪ್ರಶ್ನೆಯ ಬಗ್ಗೆ ವಿಜ್ಞಾನ ಚಕಾರವೆತ್ತಿಲ್ಲ: ಎಷ್ಟು ಸಲ ಕೂಗಿತು? ಮೂರಾಯಿತು ಎನ್ನುವವರೊಬ್ಬರು, ಎರಡೇ ಎನ್ನುವವರೊಬ್ಬರು, ನಡುವೆ ಕೂಗಿದ್ದು ಪಕ್ಕದ ಮನೆಯದು ಎನ್ನುವವರೊಬ್ಬರು. ಪೇಪರ್ ಓದುತ್ತ ಕೂತ ಗಂಡಸರನ್ನೂ ಅಡುಗೆಯ ಜವಾಬ್ದಾರಿಗೆ ಮೊಟ್ಟಮೊದಲು ಎಳೆದು ತಂದದ್ದು ಈ ಸೀಟಿಯೇ ಎಂದು ನನಗೆ ಅನಿಸುತ್ತದೆ. ಅವರು ಏನೂ ಮಾಡಬೇಕಾಗಿರಲಿಲ್ಲ, ಎಣಿಸಿದರೆ ಸಾಕಿತ್ತು. ಅದನ್ನೂ ಎಣಿಸುತ್ತಿರಲಿಲ್ಲ.

ಅಮ್ಮ ಮಾತ್ರ ಎಣಿಕೆ ತಪ್ಪಿದವಳಲ್ಲ. ಅಷ್ಟಾವಧಾನ ನೋಡಿದವರಿಗೆ ಗೊತ್ತು: ಅವಧಾನಿ ಒಂದು ಕಡೆ ನಿಷೇಧಾಕ್ಷರಿಗೆ ಸಿಕ್ಕಿ ಪದ್ಯ ಕಟ್ಟುತ್ತಿರುತ್ತಾರೆ, ಇನ್ನೊಂದು ಕಡೆ ಸಮಸ್ಯೆ, ಮತ್ತೊಂದು ಕಡೆ ದತ್ತಪದಿ, ನಡುನಡುವೆ ಸಂಖ್ಯಾಬಂಧದ ಮನೆಗಳನ್ನು ತುಂಬುತ್ತಿರಬೇಕು, ಇಷ್ಟೆಲ್ಲದರ ಮಧ್ಯೆ ಅಪ್ರಸ್ತುತ ಪ್ರಸಂಗದವರು ತಲೆಹರಟೆ ಪ್ರಶ್ನೆ ಕೇಳಿ ಏಕಾಗ್ರತೆ ಕೆಡಿಸುತ್ತಾರೆ. ಬೆಳಗಿನ ಹೊತ್ತು ಅಮ್ಮನ ಅಡುಗೆಮನೆ ಹಾಗೇ ಇತ್ತು. ಹಾಲು ಉಕ್ಕಬಾರದು, ಕುಕ್ಕರ್ ನಾಲ್ಕನೆಯದನ್ನು ಕೂಗಬಾರದು, ನನ್ನ ಮಗ್ಗಿ ತಪ್ಪಿದರೆ ಒಳಗಿನಿಂದಲೇ ತಿದ್ದಬೇಕು, ರೇಡಿಯೋದಲ್ಲಿ ಪ್ರದೇಶ ಸಮಾಚಾರ ಬಂತೆಂದರೆ ಅಪ್ಪನ ಬಸ್ಸಿಗೆ ಹೊತ್ತಾಯಿತೆಂದು ಎಚ್ಚರಿಸಬೇಕು. ಅಪ್ರಸ್ತುತ ಪ್ರಸಂಗಕ್ಕೆ ಅಪ್ಪ ಇದ್ದರು: "ಲೇ, ನನ್ನ ಕನ್ನಡಕ ಕಂಡ್ಯಾ?"

ಮಿಕ್ಸಿಯ ಕತೆ ಬೇರೆ. ಅದರ ಮೇಲೆ ನನಗೆ ಕೋಪವಿಲ್ಲ. ರುಬ್ಬುವ ಕಲ್ಲನ್ನು ಹೊಗಳಿ ಬರೆಯುವವರೆಲ್ಲ ಸಾಮಾನ್ಯವಾಗಿ ರುಬ್ಬದೆ ಇದ್ದವರು. ಆದರೆ ಬೀಸುವ ಕಲ್ಲಿನ ಜೊತೆಗೆ ಹೋದದ್ದೊಂದು ಇದೆ. ಹೊಳೆನರಸೀಪುರದ ಕಡೆಯ ನಮ್ಮ ಅಜ್ಜಿಗೆ ರಾಗಿ ಬೀಸುವ ಪದಗಳು ಲೆಕ್ಕವಿಲ್ಲದಷ್ಟು ಬರುತ್ತಿದ್ದವು. ಊರಿಗೆ ಗಿರಣಿ ಬಂದು ಎಷ್ಟೋ ವರ್ಷಗಳಾದ ಮೇಲೆ ಅಪ್ಪ ಟೇಪ್‌ರೆಕಾರ್ಡರ್ ತಂದು ಅವಳ ಮುಂದಿಟ್ಟು "ಅವ್ವ, ಹೇಳು" ಎಂದರು. ಅಜ್ಜಿ ಎರಡು ಸಾಲು ಹೇಳಿ ನಿಂತಳು. "ಕೈ ತಿರುಗದಿದ್ರೆ ಪದ ಬರಾಕಿಲ್ಲ ಕಣಪ್ಪ." ಹಿತ್ತಲಿನಲ್ಲಿ ಬಿದ್ದಿದ್ದ ಕಲ್ಲನ್ನು ತೊಳೆದು ತಂದು, ಒಂದು ಸೇರು ರಾಗಿ ಸುರಿದು ಗೂಟಕ್ಕೆ ಕೈ ಹಾಕಿಸಿದ ಮೇಲೆ ಹಾಡು ತಾನಾಗಿ ಇಳಿದು ಬಂತು. ಕ್ಯಾಸೆಟ್ಟಿನ ತುಂಬ ಕಲ್ಲಿನ ಗರಗರವೇ ಹೆಚ್ಚು ಕೇಳಿಸುತ್ತದೆ. ಅಂದರೆ ಆ ಪದಗಳು ಅಜ್ಜಿಯ ತಲೆಯಲ್ಲಿ ಎಷ್ಟಿದ್ದವೋ ತೋಳಿನಲ್ಲೂ ಅಷ್ಟೇ ಇದ್ದವು. ಇಂಥವನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಹಲಸಂಗಿಯ ಗೆಳೆಯರು 1930ರ ದಶಕದ ಹೊತ್ತಿಗೇ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರಲ್ಲ, ಅವರ ದೂರದೃಷ್ಟಿ ದೊಡ್ಡದು. ಗಿರಣಿಯ ಪಟ್ಟಿ ತಿರುಗತೊಡಗಿದ ಮೇಲೆ ಹೋಗಿದ್ದರೆ ಅವರಿಗೆ ಹಿಟ್ಟು ಮಾತ್ರ ಸಿಗುತ್ತಿತ್ತು.

ಹೊಸ ಸಾಧನ ಬಂದಾಗಲೆಲ್ಲ ನೆನಪು ಹಾಳಾಯಿತು ಎಂದು ಗೋಳಾಡುವುದು ಹಳೆಯ ಚಾಳಿ. ಪ್ಲೇಟೋ ಬರೆದ ಸಂವಾದವೊಂದರಲ್ಲಿ ಸಾಕ್ರೆಟಿಸ್ ಈಜಿಪ್ಟಿನ ಕತೆಯೊಂದನ್ನು ಹೇಳುತ್ತಾನೆ. ಅದರಲ್ಲಿ ಬರವಣಿಗೆಯನ್ನು ಕಂಡುಹಿಡಿದು ತಂದ ದೇವತೆಗೆ ಅಲ್ಲಿನ ರಾಜ, ಇದರಿಂದ ಜನ ಮರೆಗುಳಿಗಳಾಗುತ್ತಾರೆ ಎಂದು ಬೈದು ಕಳಿಸುತ್ತಾನೆ. ಬರವಣಿಗೆಯ ಮೇಲಿನ ಆ ಬೈಗುಳ ಇಷ್ಟು ಕಾಲ ಉಳಿದದ್ದು ಪ್ಲೇಟೋ ಅದನ್ನು ಬರೆದಿಟ್ಟದ್ದರಿಂದಲೇ.

ನಮ್ಮ ಕಾಲದ ಗೋಳಿಗೆ ಪ್ರಯೋಗಶಾಲೆಯ ಬೆಂಬಲವೂ ಸಿಕ್ಕಿತು. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಕಂಪ್ಯೂಟರ್ ಉಳಿಸಿಟ್ಟುಕೊಳ್ಳುತ್ತದೆ ಎಂದು ಗೊತ್ತಿದ್ದರೆ ಜನ ಆ ವಿಷಯವನ್ನು ಅಷ್ಟಾಗಿ ನೆನಪಿಡುವುದಿಲ್ಲ, ಅದು ಎಲ್ಲಿದೆ ಎಂಬುದನ್ನೇ ಹೆಚ್ಚಾಗಿ ನೆನಪಿಡುತ್ತಾರೆ. ಅವರ ಪ್ರಯೋಗಗಳಲ್ಲಿ ಒಂದನ್ನು 2018ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಬರಲಿಲ್ಲ ಅನ್ನುವುದನ್ನೂ ಹೇಳಬೇಕು; ವಾಟ್ಸ್ಆ್ಯಪಿನಲ್ಲಿ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆ ಸಂಗಡಿಗರಲ್ಲಿ ಡೇನಿಯಲ್ ವೆಗ್ನರ್ ಎಂಬಾತನೂ ಇದ್ದ. ನನಗೆ ಹಿಡಿಸಿದ್ದು 1980ರ ದಶಕದಲ್ಲಿ ಅವನು ಹೇಳಿದ ಮಾತು: ಬಹಳ ಕಾಲ ಜೊತೆಗೆ ಬಾಳಿದ ಗಂಡಹೆಂಡಿರು ನೆನಪನ್ನು ಹಂಚಿಕೊಂಡಿರುತ್ತಾರೆ. ಇದು ಅವಳಿಗೆ ಗೊತ್ತಿರುತ್ತದೆ ಎಂದು ಇವನು ಬಿಡುತ್ತಾನೆ, ಅದು ಇವನಿಗೆ ಗೊತ್ತಿರುತ್ತದೆ ಎಂದು ಅವಳು ಬಿಡುತ್ತಾಳೆ.

ನಮ್ಮ ಮನೆಗಳಲ್ಲಿ ನಡೆಯುತ್ತಿದ್ದುದೂ ಇದೇ ತಾನೆ? ಅಪ್ಪನಿಗೆ ಯಾರ ಮನೆಗೆ ಯಾವ ಮದುವೆಯಲ್ಲಿ ಎಷ್ಟು ಮುಯ್ಯಿ ಹಾಕಿದ್ದೆವು ಎಂಬುದು ಎಂದೂ ನೆನಪಿರಲಿಲ್ಲ, ಅಮ್ಮನಿಗೆ ಇತ್ತು. ಅಮ್ಮನಿಗೆ ವಿಮೆಯ ಕಂತು ಯಾವಾಗೆಂದು ತಿಳಿಯದು, ಅಪ್ಪನಿಗೆ ತಿಳಿದಿತ್ತು. ಅತ್ತೆಗೆ ಎಲ್ಲರ ನಕ್ಷತ್ರ, ದೊಡ್ಡಪ್ಪನಿಗೆ ಜಮೀನಿನ ಚಕ್ಕುಬಂದಿ. ಒಬ್ಬೊಬ್ಬರನ್ನೂ ಬಿಡಿಯಾಗಿ ಪರೀಕ್ಷೆಗೆ ಕೂರಿಸಿದ್ದರೆ ಎಲ್ಲರೂ ಫೇಲು. ನನ್ನ ತಕರಾರು ಇಷ್ಟೆ: ಫೋನು ನಮ್ಮ ನೆನಪನ್ನು ಕಿತ್ತುಕೊಂಡಿತು ಎಂಬ ದೂರಿನಲ್ಲಿ ಅರ್ಧ ಸುಳ್ಳಿದೆ, ಏಕೆಂದರೆ ನಾವು ಮುಂಚೆಯೂ ಬಹುಪಾಲು ಮರೆತೇ ಬದುಕುತ್ತಿದ್ದೆವು. ಆದರೆ ಮರೆತಾಗ ಇನ್ನೊಬ್ಬರನ್ನು ಕೇಳಬೇಕಿತ್ತು. ಕೇಳಲು ಹೋದರೆ ಅವರು ಬೇಕಾದ್ದನ್ನು ಕೊನೆಗೆ ಹೇಳುತ್ತಿದ್ದರು, ಬೇಡದ್ದನ್ನು ಮೊದಲು. ಹೆಸರುಬೇಳೆ ಪಾಯಸಕ್ಕೆ ಬೆಲ್ಲ ಎಷ್ಟು ಎಂದು ಅತ್ತೆಯನ್ನು ಕೇಳಿದರೆ, ಬೆಲ್ಲದ ಅಳತೆಗೆ ಮುಂಚೆ ಅವರ ಮಾವನವರ ಸಕ್ಕರೆ ಕಾಯಿಲೆ, ಅವರು ಕದ್ದು ತಿನ್ನುತ್ತಿದ್ದ ಉಂಡೆ, ಉಂಡೆ ಇಟ್ಟಿದ್ದ ಡಬ್ಬ, ಆ ಡಬ್ಬ ಈಗ ಯಾರ ಮನೆಯಲ್ಲಿದೆ ಎಂಬ ವಿವಾದ ಎಲ್ಲವೂ ಬರುತ್ತಿತ್ತು. ಈಗ ಯೂಟ್ಯೂಬ್ ಕೇಳಿದಷ್ಟಕ್ಕೇ ಉತ್ತರ ಕೊಡುತ್ತದೆ. ಪಾಯಸ ಚೆನ್ನಾಗಿಯೇ ಆಗುತ್ತದೆ. ಅತ್ತೆಗೆ ಫೋನು ಹೋಗುವುದಿಲ್ಲ.

ಫೋಟೋಗಳ ವಿಷಯ ಎತ್ತದಿದ್ದರೆ ಮಗಳು ಇದನ್ನು ಓದುವುದಿಲ್ಲ. ರೋಲಿಗೆ ಮೂವತ್ತಾರು ಪಟ ಬರುತ್ತಿದ್ದ ಕಾಲದಲ್ಲಿ ಗೌರಿಹಬ್ಬದ ಚಿತ್ರವೂ ಯುಗಾದಿಯ ಚಿತ್ರವೂ ಒಂದೇ ರೋಲಿನಲ್ಲಿರುತ್ತಿದ್ದವು. ಕಡೆಯ ಎರಡು ಪಟ ಉಳಿದಿವೆ, ಯಾರಾದರೂ ನೆಂಟರು ಬರಲಿ ಎಂದು ಕ್ಯಾಮೆರಾ ಬೀರುವಿನಲ್ಲಿ ಕಾಯುತ್ತಿತ್ತು. ಈಗ ನನ್ನ ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ಅವುಗಳಲ್ಲಿ ಮನುಷ್ಯರು ಕಡಿಮೆ. ಸೋರುವ ನಲ್ಲಿ, ವಾಷಿಂಗ್ ಮಷಿನ್ನಿನ ಮಾಡೆಲ್ ನಂಬರು, ಮಾಲಿನಲ್ಲಿ ಕಾರು ನಿಲ್ಲಿಸಿದ ಕಂಬ, ಡಾಕ್ಟರ ಚೀಟಿ. ಫೋನಿಗೆ ಇದು ತಿಳಿಯುವುದಿಲ್ಲ. ಮೊನ್ನೆ ಅದು ತಾನಾಗಿಯೇ ‘ಸವಿನೆನಪುಗಳು’ ಎಂದು ವಿಡಿಯೋ ಮಾಡಿ, ಪಿಟೀಲಿನ ಸಂಗೀತ ಹಾಕಿ, ಸೋರುವ ನಲ್ಲಿಯಿಂದ ಮೆಲ್ಲಗೆ ವಿದ್ಯುತ್ ಬಿಲ್ಲಿಗೆ ಹೊರಳಿ, ಅಲ್ಲಿಂದ ನನ್ನ ಹಲ್ಲಿನ ಎಕ್ಸರೇಗೆ ಬಂದು ನಿಂತಿತು. ಹೆಂಡತಿ ನೋಡಿ, "ಬಿಲ್ ನೋಡಿ ನಾನೂ ಅತ್ತಿದ್ದೆ" ಎಂದಳು.

ಹುಟ್ಟಿದ ಹಬ್ಬವನ್ನೂ ಫೋನೇ ನೆನಪಿಸುತ್ತದೆ, ತಪ್ಪಾಗಿ. ನನ್ನ ಓರಗೆಯ ಎಷ್ಟೋ ಕನ್ನಡಿಗರ ಹಾಗೆ ನಾನೂ ದಾಖಲೆಯಲ್ಲಿ ಜೂನ್ 1ರಂದು ಹುಟ್ಟಿದವನು. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದವರಿಗೆಲ್ಲ ಮೇಷ್ಟರು ದಯಪಾಲಿಸುತ್ತಿದ್ದ ಜನ್ಮದಿನ ಅದು. ಆ ದಿನ ಬ್ಯಾಂಕು, ವಿಮೆ, ಬಟ್ಟೆ ಅಂಗಡಿ, ಕನ್ನಡಕದ ಅಂಗಡಿ ಎಲ್ಲರೂ ಶುಭ ಕೋರುತ್ತಾರೆ. ಶಾಲೆಯ ಗುಂಪಿನಲ್ಲಂತೂ ಅರ್ಧಕ್ಕರ್ಧ ಮಂದಿ ಒಬ್ಬರಿಗೊಬ್ಬರು ಹಾರೈಸಿಕೊಳ್ಳುತ್ತೇವೆ. ಅಮ್ಮನನ್ನು ಕೇಳಿದರೆ ನಾನು ಹುಟ್ಟಿದ್ದು ಶ್ರಾವಣದಲ್ಲಿ, ಹೇಮಾವತಿ ತುಂಬಿ ಹರಿದ ವರ್ಷ, ಕರಿ ಹಸು ಕರು ಹಾಕಿದ ಮಾರನೆಯ ದಿನ. ಫೋನಿನಲ್ಲಿ ಅದಕ್ಕೆ ಜಾಗವಿಲ್ಲ.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಅವಳ ಬಿಪಿ ಮಾತ್ರೆಗೆ ಹೊತ್ತಿಗೆ ಸರಿಯಾಗಿ ಫೋನು ಹೊಡೆದುಕೊಳ್ಳುತ್ತದೆ. ಅದು ಬಂದ ಮೇಲೆ ಮಾತ್ರೆ ತಪ್ಪಿಲ್ಲ. ಅಮೆರಿಕದಲ್ಲಿರುವ ನನ್ನ ತಂಗಿಯ ಮುಖವನ್ನು ಭಾನುವಾರ ಕಾಣುತ್ತಾಳೆ, ತಟ್ಟೆಯಲ್ಲೇನಿದೆ ತೋರಿಸು ಎನ್ನುತ್ತಾಳೆ. ಇದನ್ನೆಲ್ಲ ಕೊಟ್ಟ ಯಂತ್ರವನ್ನು ಶಪಿಸಿದರೆ ಅನ್ನ ಉಂಡ ಮನೆಗೆ ಎರಡು ಬಗೆದಂತೆ. ಆದರೆ ಮಾತ್ರೆಯ ಹೊತ್ತನ್ನು ಅದಕ್ಕೆ ವಹಿಸಿದ ಹಾಗೆ, ಕರಿ ಹಸುವನ್ನೂ ಅದಕ್ಕೆ ವಹಿಸಿ ಕೂರಲಾಗದು. ಅದನ್ನು ಅಮ್ಮನನ್ನೇ ಕೇಳಬೇಕು, ಈಗಲೇ ಕೇಳಬೇಕು.

ಓದುಗರಲ್ಲಿ ಎರಡು ಕೋರಿಕೆ. ಒಂದು, ಮನೆಯವರ ಪೈಕಿ ಒಬ್ಬರ ಹತ್ತು ಅಂಕಿಯನ್ನಾದರೂ ಬಾಯಿಪಾಠ ಮಾಡಿ, ಮಕ್ಕಳಿಗೂ ಮಾಡಿಸಿ. ಫೋನು ಕಳೆದ ದಿನ ಬೇರೆಯವರ ಫೋನು ಕೈಗೆ ಸಿಕ್ಕರೂ ಅದರಲ್ಲಿ ‘ಅಪ್ಪ’ ಎಂದು ಹುಡುಕಿದರೆ ಅವರಪ್ಪ ಸಿಗುತ್ತಾರೆ. ಇನ್ನೊಂದು, ಹಳೆಯ ಆಲ್ಬಮ್ ಇದ್ದರೆ ಈ ಭಾನುವಾರ ಹಿರಿಯರ ಮುಂದಿಟ್ಟು, ಯಾರು ಯಾರೆಂದು ಕೇಳಿ ಫೋಟೋದ ಹಿಂದೆ ಬರೆದಿಡಿ. ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಮೂಡುತ್ತದೆ.